ರ‍್ಯಾಮ್ ಸೇರಿಸಿದ ಮೇಲೆ ಸರ್ವರ್ ಬೀಳುತ್ತಿದೆಯೇ? ಕಾರಣ ಹುಡುಕುವ ದಾರಿ

ಸರ್ವರ್ ಚೆನ್ನಾಗಿಯೇ ಓಡುತ್ತಿತ್ತು. ಮೆಮೊರಿ ಸಾಲುತ್ತಿಲ್ಲ ಅಂತ ಎರಡೋ ನಾಲ್ಕೋ ಮೆಮೊರಿ ಸ್ಟಿಕ್ ಸೇರಿಸಿದಿರಿ. ಆನ್ ಆಯಿತು, ಪೂರ್ತಿ ಗಾತ್ರ ತೋರಿಸಿತು, ಎಲ್ಲರಿಗೂ ಸಮಾಧಾನ. ಎರಡು ದಿನ ಬಿಟ್ಟು ಮಧ್ಯರಾತ್ರಿ ತಾನಾಗಿಯೇ ರೀಸ್ಟಾರ್ಟ್ ಆಯಿತು. ಮೂರು ದಿನ ಬಿಟ್ಟು ಮತ್ತೆ. ಆಗ ಎಲ್ಲರೂ ಬೆರಳು ತೋರಿಸುವುದು ಹೊಸ ಸ್ಟಿಕ್ ಕಡೆಗೇ.

ಅನುಮಾನ ಸರಿಯೇ. ಆದರೆ ಅಂದು ಹೊಸದಾಗಿದ್ದು ಸ್ಟಿಕ್ ಒಂದೇ ಅಲ್ಲ. ವರ್ಷಗಟ್ಟಲೆ ಖಾಲಿ ಇದ್ದ ಸ್ಲಾಟ್ ಮೊದಲ ಸಲ ಕೆಲಸಕ್ಕೆ ಬಂತು. ಪ್ರೊಸೆಸರ್ ಒಳಗಿರುವ ಮೆಮೊರಿ ಕಂಟ್ರೋಲರ್ ಮೇಲೆ ಹೊರೆ ಹೆಚ್ಚಿತು. ರ‍್ಯಾಮ್ ಓಡುವ ವೇಗ ಬದಲಾಗಿರಬಹುದು. ಮುಚ್ಚಳ ತೆಗೆದಾಗ ಯಾವುದೋ ಕೇಬಲ್ ಸಡಿಲವಾಗಿರಬಹುದು. ಜಾಗ ಜಾಸ್ತಿ ಆಯಿತು ಅಂತ ಯಾರೋ ಡೇಟಾಬೇಸ್ ಸೆಟ್ಟಿಂಗ್ ಏರಿಸಿರಬಹುದು. ಅಂದು ಏನೇನು ಬದಲಾಯಿತು ಅಂತ ಮೊದಲು ಕಾಗದದ ಮೇಲೆ ಬರೆದುಕೊಳ್ಳಿ. ಆಮೇಲೆ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಸರ್ವರ್ ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ಮೊದಲು ಡೇಟಾ

ಕೆಟ್ಟ ರ‍್ಯಾಮ್ ಸರ್ವರನ್ನು ಬೀಳಿಸಿದರೆ ಅದು ಸಣ್ಣ ನಷ್ಟ. ಬೀಳಿಸದೆ ಒಂದು ಬಿಟ್ ತಿರುಗಿಸಿ, ಆ ತಪ್ಪು ಡಿಸ್ಕ್‌ಗೆ ಹೋಗಿ ಕೂತರೆ ಅದು ದೊಡ್ಡ ನಷ್ಟ. ಆದ್ದರಿಂದ ಬ್ಯಾಕಪ್ ತೆಗೆಯಿರಿ, ಆದರೆ ಹಳೆಯ ಬ್ಯಾಕಪ್ ಮೇಲೆ ಬರೆಯಬೇಡಿ. ಈಗ ತೆಗೆಯುವ ಬ್ಯಾಕಪ್ ಕೂಡ ಅದೇ ಅನುಮಾನದ ಮೆಮೊರಿಯ ಮೂಲಕವೇ ಹಾದುಹೋಗುತ್ತದೆ, ಅಲ್ವಾ? ಹಳೇ ಪ್ರತಿಗಳನ್ನು ತಾನಾಗಿಯೇ ಅಳಿಸುವ ಏರ್ಪಾಡು ಇದ್ದರೆ ಅದನ್ನು ಇವತ್ತೇ ನಿಲ್ಲಿಸಿ.

ಸರ್ವರ್ ತುಂಬಾ ಮುಖ್ಯವಾದದ್ದಾಗಿದ್ದರೆ, ಅದರ ಮೇಲೇ ಪ್ರಯೋಗ ಮಾಡುತ್ತಾ ಕೂರಬೇಡಿ. ಹೊಸ ಸ್ಟಿಕ್ ತೆಗೆದು ಹಳೆಯ ಜೋಡಣೆಗೆ ಮರಳಿ. ಕೆಲಸ ನಿಧಾನವಾದರೂ ನಡೆಯುತ್ತಿರುತ್ತದೆ. ಅದೇ ನಿಮ್ಮ ಮೊದಲ ಪರೀಕ್ಷೆಯೂ ಆಗುತ್ತದೆ. ಆದರೆ ತೆಗೆಯುವ ಮೊದಲು ಲಾಗ್‌ಗಳನ್ನು ಉಳಿಸಿಕೊಳ್ಳಿ.

ಬಿದ್ದದ್ದು ಹೇಗೆ?

ಆನ್ ಆಗುವುದೇ ಇಲ್ಲ, ಬೀಪ್ ಮಾತ್ರ ಬರುತ್ತದೆ ಅಂದರೆ ಸ್ಟಿಕ್ ಸರಿಯಾಗಿ ಕೂತಿಲ್ಲ ಅಥವಾ ಆ ಬೋರ್ಡ್‌ಗೆ ಹೊಂದುವ ಜಾತಿಯದ್ದಲ್ಲ. ಇದು ಸುಲಭದ ಕೇಸು. ಕಷ್ಟ ಇರುವುದು ಗಂಟೆಗಟ್ಟಲೆ, ದಿನಗಟ್ಟಲೆ ಓಡಿ ಆಮೇಲೆ ಬೀಳುವುದರಲ್ಲಿ.

ಅದರಲ್ಲೂ ಬಗೆಗಳಿವೆ. ಇಡೀ ಯಂತ್ರ ಕರ್ನಲ್ ಪ್ಯಾನಿಕ್ (ಲಿನಕ್ಸ್‌ನ ತಿರುಳಾದ ಕರ್ನಲ್ ಕೈಚೆಲ್ಲಿ ನಿಲ್ಲುವುದು) ಅಥವಾ ವಿಂಡೋಸ್‌ನ ನೀಲಿ ಪರದೆ ತೋರಿಸಿ, ಸಂದೇಶದಲ್ಲಿ ಮಷಿನ್ ಚೆಕ್ ಅಂತ ಇದ್ದರೆ ದೋಷ ಹಾರ್ಡ್‌ವೇರ್‌ನಲ್ಲಿದೆ ಅಂತ ಪ್ರೊಸೆಸರೇ ಹೇಳುತ್ತಿದೆ. ಒಂದು ದಿನ ವೆಬ್ ಸರ್ವರ್, ಇನ್ನೊಂದು ದಿನ ಡೇಟಾಬೇಸ್, ಮತ್ತೊಂದು ದಿನ ಸಂಬಂಧವೇ ಇಲ್ಲದ ಪ್ರೋಗ್ರಾಂ ಸಾಯುತ್ತಿದ್ದರೆ ಅದು ಇಸಿಸಿ (ಮೆಮೊರಿಯ ಸಣ್ಣ ತಪ್ಪನ್ನು ತಾನೇ ಸರಿಮಾಡುವ ಏರ್ಪಾಡು) ಇಲ್ಲದ ಕೆಟ್ಟ ಮೆಮೊರಿಯ ಗುರುತು. ಪ್ರತಿ ಸಲ ಒಂದೇ ಪ್ರೋಗ್ರಾಂ ಸಾಯುತ್ತದೆ, ಉಳಿದದ್ದೆಲ್ಲ ಆರಾಮವಾಗಿದೆ ಅಂದರೆ ಸ್ಟಿಕ್ ಬಿಚ್ಚಬೇಡಿ. ಅದು ಹೆಚ್ಚಾಗಿ ಸೆಟ್ಟಿಂಗ್ ತಪ್ಪು. ಅದರ ವಿಷಯ ಕೊನೆಯಲ್ಲಿ ಬರುತ್ತದೆ. ಯಾವ ಸಂದೇಶವೂ ಇಲ್ಲದೆ ಬಲ್ಬ್ ಆರಿದ ಹಾಗೆ ಆರಿಹೋದರೆ ಪವರ್ ಸಪ್ಲೈ ಕಡೆಗೂ ಕಣ್ಣಿಡಿ.

ಲಾಗ್ ಓದುವುದು

ತುಂಬಾ ಜನ ಆಪರೇಟಿಂಗ್ ಸಿಸ್ಟಂ ಲಾಗ್ ನೋಡಿ, ಏನೂ ಸಿಗಲಿಲ್ಲ ಅಂತ ಅಲ್ಲಿಗೇ ಬಿಡುತ್ತಾರೆ. ಸಿಗದಿರುವುದೇ ಸಹಜ. ಮೆಮೊರಿಯೇ ಕೈಕೊಟ್ಟಾಗ ಲಾಗ್ ಬರೆದು ಡಿಸ್ಕ್‌ಗೆ ಹಾಕುವಷ್ಟು ಸಮಯ ಅದಕ್ಕೆ ಇರುವುದಿಲ್ಲ. ಆದರೆ ಸರ್ವರ್ ಬೋರ್ಡ್ ಮೇಲೆ ಬಿಎಂಸಿ ಅನ್ನುವ ಬೇರೆಯದೇ ಪುಟ್ಟ ಕಂಪ್ಯೂಟರ್ ಇರುತ್ತದೆ. ಮುಖ್ಯ ಯಂತ್ರ ಬಿದ್ದರೂ ಅದು ಎಚ್ಚರವಾಗಿರುತ್ತದೆ. ಡೆಲ್‌ನವರು ಅದನ್ನು ಐಡ್ರಾಕ್ ಅನ್ನುತ್ತಾರೆ, ಎಚ್‌ಪಿಇಯವರು ಐಲೊ ಅನ್ನುತ್ತಾರೆ. ಅದರ ಈವೆಂಟ್ ಲಾಗನ್ನು ಮೊದಲು ತೆರೆಯಿರಿ. ಲಿನಕ್ಸ್‌ನಲ್ಲಿ ಐಪಿಎಂಐಟೂಲ್ (ipmitool) ಅನ್ನುವ ಪ್ರೋಗ್ರಾಂನಿಂದಲೂ ಅದನ್ನು ಓದಬಹುದು. ಸರಿಪಡಿಸಲಾಗದ ಮೆಮೊರಿ ದೋಷ ಆಗಿದ್ದರೆ ಎಷ್ಟೋ ಸಲ ಸ್ಲಾಟ್‌ನ ಹೆಸರೇ ಅಲ್ಲಿರುತ್ತದೆ.

ಆಮೇಲೆ ಲಿನಕ್ಸ್‌ನ ಸರದಿ. ಹಿಂದಿನ ಬೂಟ್‌ನ ಕರ್ನಲ್ ಸಂದೇಶಗಳನ್ನು ಜರ್ನಲ್‌ನಿಂದ ತೆಗೆದು ಎಂಸಿಇ (MCE), ಇಡ್ಯಾಕ್ (EDAC), ಹಾರ್ಡ್‌ವೇರ್ ಎರರ್ (Hardware Error) ಅನ್ನುವ ಪದಗಳನ್ನು ಹುಡುಕಿ. ರಾಸ್‌ಡೀಮನ್ (rasdaemon) ಅನ್ನುವ ಪ್ರೋಗ್ರಾಂ ಹಾಕಿಲ್ಲದಿದ್ದರೆ ಈಗಲೇ ಹಾಕಿ. ಸರಿಪಡಿಸಿದ ದೋಷಗಳನ್ನು ಅದು ತನ್ನ ಚಿಕ್ಕ ಡೇಟಾಬೇಸ್‌ನಲ್ಲಿ ಬರೆದಿಡುತ್ತದೆ. ವಿಂಡೋಸ್‌ನಲ್ಲಿ ಸಿಸ್ಟಂ ಲಾಗ್ ತೆರೆದರೆ ಕರ್ನಲ್ ಪವರ್ 41 ಕಣ್ಣಿಗೆ ರಾಚುತ್ತದೆ. ಅದನ್ನೇ ಕಾರಣ ಅಂದುಕೊಳ್ಳಬೇಡಿ. ಯಂತ್ರ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅಂತಷ್ಟೇ ಅದರ ಅರ್ಥ. ನಿಮಗೆ ಬೇಕಾದದ್ದು ಹಾರ್ಡ್‌ವೇರ್ ದೋಷ ಬರೆದಿಡುವ ವೀಯಾ ಲಾಗರ್‌ನ (WHEA-Logger) ಸಾಲುಗಳು. 18 ಅಂದರೆ ಮಾರಕ ಮಷಿನ್ ಚೆಕ್, 19 ಅಂದರೆ ಸರಿಪಡಿಸಿದ ಮಷಿನ್ ಚೆಕ್, 47 ಅಂದರೆ ಸರಿಪಡಿಸಿದ ಮೆಮೊರಿ ದೋಷ. ನೀಲಿ ಪರದೆಯ ಕೋಡ್ 0ಎಕ್ಸ್124 ಆಗಿದ್ದರೆ ಅದೂ ಹಾರ್ಡ್‌ವೇರ್ ಕಡೆಗೇ ಕೈ ತೋರಿಸುತ್ತದೆ.

ಇಲ್ಲಿ ಇಸಿಸಿ ಬಗ್ಗೆ ತಿಳಿದಿರಬೇಕು. ಸಾಮಾನ್ಯ ಇಸಿಸಿಯಲ್ಲಿ 64 ಬಿಟ್ ಡೇಟಾ ಜೊತೆ 8 ಬಿಟ್ ಕಾವಲು ಇರುತ್ತದೆ. ಒಂದು ಬಿಟ್ ತಪ್ಪಿದರೆ ಸರಿಮಾಡುತ್ತದೆ, ಎರಡು ತಪ್ಪಿದರೆ ಸರಿಮಾಡಲು ಆಗದು, ಆದರೆ ತಪ್ಪಿದೆ ಅಂತ ಕಂಡುಹಿಡಿಯುತ್ತದೆ. ಆಗ ಹಾಳಾದ ಡೇಟಾ ಮುಂದೆ ಹೋಗಬಾರದು ಅಂತ ಯಂತ್ರವನ್ನೇ ನಿಲ್ಲಿಸಲಾಗುತ್ತದೆ. ಅಂದರೆ ನೀವು ಕ್ರ್ಯಾಶ್ ಅನ್ನುವುದು ಎಷ್ಟೋ ಸಲ ನಿಮ್ಮ ಡೇಟಾ ಕಾಪಾಡಲು ಸರ್ವರ್ ಬೇಕೆಂದೇ ಮಾಡಿದ ಕೆಲಸ. ಇದು ಸುಮ್ನೆ ಹೇಳುವ ಮಾತಲ್ಲ. ಸಂದೇಶ ಬಾರದಂತೆ ಇಸಿಸಿಯನ್ನೇ ಆಫ್ ಮಾಡಿದವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಸರಿಪಡಿಸಿದ ದೋಷ ಒಂದು ಕಂಡ ಮಾತ್ರಕ್ಕೆ ಸ್ಟಿಕ್ ಕೆಟ್ಟಿದೆ ಅಂತಲ್ಲ. ಗೂಗಲ್‌ನ ಸರ್ವರ್‌ಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವರ್ಷದಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಯಂತ್ರಗಳಲ್ಲಿ, ಶೇಕಡಾ 8ಕ್ಕಿಂತ ಹೆಚ್ಚು ಸ್ಟಿಕ್‌ಗಳಲ್ಲಿ, ಸರಿಪಡಿಸಬಹುದಾದ ದೋಷ ಒಮ್ಮೆಯಾದರೂ ಕಂಡಿತ್ತು. ನೀವು ನೋಡಬೇಕಾದದ್ದು ದೋಷಗಳ ನಡೆ. ಒಂದೇ ಸ್ಲಾಟ್‌ನಲ್ಲಿ ಲೆಕ್ಕ ಗಂಟೆ ಗಂಟೆಗೂ ಏರುತ್ತಿದೆಯೇ? ಹಾಗಿದ್ದರೆ ದೊಡ್ಡ ದೋಷ ಹಿಂದೆಯೇ ಬರುತ್ತಿದೆ ಅಂದುಕೊಳ್ಳಿ.

ಇನ್ನೊಂದು ಎಚ್ಚರ. ಲಿನಕ್ಸ್ ಹೇಳುವ ಚಾನೆಲ್ (ಪ್ರೊಸೆಸರ್‌ನಿಂದ ಸ್ಲಾಟ್‌ಗಳಿಗೆ ಹೋಗುವ ದಾರಿ) ಸಂಖ್ಯೆ ಸೊನ್ನೆಯಿಂದ ಶುರುವಾಗುತ್ತದೆ. ಬೋರ್ಡ್ ಮೇಲೆ ಅಚ್ಚಾಗಿರುವುದು ಎ1, ಬಿ2 ಅಂತ. ಇವೆರಡನ್ನು ಊಹೆಯಿಂದ ಹೊಂದಿಸಿ ತಪ್ಪು ಸ್ಟಿಕ್ ಎಸೆದ ಕತೆಗಳು ಬೇಕಾದಷ್ಟಿವೆ. ಲಿನಕ್ಸ್‌ನ ಡಿಎಂಐಡಿಕೋಡ್ (dmidecode) ಆದೇಶ ಕೊಡುವ ಪಟ್ಟಿಯಲ್ಲಿ ಸ್ಲಾಟ್ ಹೆಸರು ಮತ್ತು ಸ್ಟಿಕ್‌ನ ಸೀರಿಯಲ್ ನಂಬರ್ ಎರಡೂ ಇರುತ್ತವೆ. ಅದನ್ನು ಪ್ರಿಂಟ್ ತೆಗೆದು ಕೈಯಲ್ಲಿ ಹಿಡಿದೇ ಮುಚ್ಚಳ ತೆಗೆಯಿರಿ.

ಹೊಂದಾಣಿಕೆ

ಸ್ಟಿಕ್ ಮೇಲಿನ ಚೀಟಿ ಓದಿ. 2ಆರ್‌ಎಕ್ಸ್4 ಪಿಸಿ4-2400ಟಿ-ಆರ್ ಅಂತಿದ್ದರೆ, ಎರಡು ರ‍್ಯಾಂಕ್ (ಒಟ್ಟಿಗೆ ಕೆಲಸ ಮಾಡುವ ಚಿಪ್‌ಗಳ ಗುಂಪು), ನಾಲ್ಕು ಬಿಟ್ ಅಗಲದ ಚಿಪ್, ಡಿಡಿಆರ್4, ವೇಗ 2400, ಕೊನೆಯ ಆರ್ ಅಂದರೆ ರಿಜಿಸ್ಟರ್ಡ್ (ಸಿಗ್ನಲ್ ದಾರಿಯಲ್ಲಿ ಬಫರ್ ಚಿಪ್ ಇರುವುದು). ಆ ಜಾಗದಲ್ಲಿ ಯು ಅಥವಾ ಇ ಇದ್ದರೆ ಬಫರ್ ಇಲ್ಲದ್ದು, ಎಲ್ ಇದ್ದರೆ ಲೋಡ್ ರೆಡ್ಯೂಸ್ಡ್ (ಕಂಟ್ರೋಲರ್ ಹೊರೆಯನ್ನು ಇನ್ನೂ ಇಳಿಸುವ ಬಫರ್ ಇರುವುದು). ಈ ಜಾತಿಗಳನ್ನು ಬೆರೆಸಬಾರದು. ಸ್ಲಾಟ್‌ನಲ್ಲಿ ಕೂತಿತು ಅನ್ನುವುದು ಪುರಾವೆಯೇ ಅಲ್ಲ. ಡಿಡಿಆರ್4ರಲ್ಲಿ ರಿಜಿಸ್ಟರ್ಡ್ ಸ್ಟಿಕ್ಕೂ ಬಫರ್ ಇಲ್ಲದ ಸ್ಟಿಕ್ಕೂ ಒಂದೇ ಸ್ಲಾಟ್‌ನಲ್ಲಿ ಕೂರುತ್ತವೆ.

ಬೆರಕೆಯ ಜಾತಿ ಇದ್ದರೆ ಸರ್ವರ್ ಸಾಮಾನ್ಯವಾಗಿ ಆನ್ ಆಗುವುದೇ ಇಲ್ಲ. ಆನ್ ಆಗಿ ಆಮೇಲೆ ಬೀಳಿಸುವುದು ಸೂಕ್ಷ್ಮ ವ್ಯತ್ಯಾಸಗಳು: ಬೇರೆ ರ‍್ಯಾಂಕ್, ಬೇರೆ ಚಿಪ್ ಅಗಲ, ಬೇರೆ ವೇಗ. ಬೇರೆ ಬೇರೆ ವೇಗದ ಸ್ಟಿಕ್ ಇದ್ದರೆ ಎಲ್ಲವೂ ನಿಧಾನದ್ದರ ವೇಗಕ್ಕೆ ಇಳಿಯಬೇಕು. ಒಂದು ಚಾನೆಲ್‌ನಲ್ಲಿ ಎರಡನೇ ಸ್ಟಿಕ್ ಹಾಕಿದರೂ ವೇಗ ಇಳಿಯುವುದುಂಟು. ಉದಾಹರಣೆಗೆ ಇಂಟೆಲ್‌ನ ನಾಲ್ಕನೇ ತಲೆಮಾರಿನ ಜಿಯಾನ್‌ನಲ್ಲಿ ಚಾನೆಲ್‌ಗೆ ಒಂದು ಸ್ಟಿಕ್ ಇದ್ದರೆ ಡಿಡಿಆರ್5 4800ರವರೆಗೆ ಓಡುತ್ತದೆ, ಎರಡಿದ್ದರೆ 4400. ಇದು ದೋಷವಲ್ಲ, ಹಾಗೇ ಇರಬೇಕು. ದೋಷ ಆಗುವುದು ಬಯಾಸ್‌ನಲ್ಲಿ (ಯಂತ್ರ ಆನ್ ಆದಾಗ ಮೊದಲು ಓಡುವ, ಬೋರ್ಡ್‌ನದ್ದೇ ಪ್ರೋಗ್ರಾಂ) ಯಾರೋ ಹಿಂದೆ ವೇಗವನ್ನು ಕೈಯಾರೆ ಕಟ್ಟಿಹಾಕಿದ್ದರೆ. ಆ ಸೆಟ್ಟಿಂಗನ್ನು ಆಟೋಗೆ ತನ್ನಿ. ವರ್ಕ್‌ಸ್ಟೇಷನ್ ಬೋರ್ಡ್ ಆಗಿದ್ದರೆ ಮೆಮೊರಿ ವೇಗ ಏರಿಸುವ ಎಕ್ಸ್‌ಎಂಪಿ ಪ್ರೊಫೈಲ್ ಆಫ್ ಮಾಡಿ.

ಸ್ಟಿಕ್ ಹಾಕುವ ಕ್ರಮ ಮುಚ್ಚಳದ ಒಳಗಿನ ಚೀಟಿಯಲ್ಲೇ ಇರುತ್ತದೆ. ಎರಡು ಪ್ರೊಸೆಸರ್ ಬೋರ್ಡ್‌ನಲ್ಲಿ ಒಂದೇ ಪ್ರೊಸೆಸರ್ ಇದ್ದರೆ ಇನ್ನೊಂದರ ಪಕ್ಕದ ಸ್ಲಾಟ್‌ಗಳು ಕೆಲಸ ಮಾಡುವುದಿಲ್ಲ.

ಬಯಾಸ್ ಹಳೆಯದಾಗಿದ್ದರೆ ಅಪ್‌ಡೇಟ್ ಮಾಡಿ. ಹೊಸ ಸ್ಟಿಕ್‌ಗಳ ಸಿಗ್ನಲ್ ಹೊಂದಿಸುವ ಕೆಲಸ, ಅಂದರೆ ಮೆಮೊರಿ ಟ್ರೈನಿಂಗ್, ಬಯಾಸ್‌ನದ್ದೇ. ಹೊಸ ರ‍್ಯಾಮ್ ಹಾಕಿದ ಮೇಲಿನ ಮೊದಲ ಬೂಟ್‌ನಲ್ಲಿ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಕೆಟ್ಟುಹೋಯಿತು ಅಂತ ಪವರ್ ಎಳೆಯಬೇಡಿ, ಕಾಯಿರಿ.

ಮುಚ್ಚಳ ತೆಗೆದ ಮೇಲೆ

ಎರಡೂ ಪವರ್ ಕೇಬಲ್ ತೆಗೆಯಿರಿ. ಒಂದನ್ನೇ ತೆಗೆದರೆ ಇನ್ನೊಂದು ಬೋರ್ಡ್‌ಗೆ ಕರೆಂಟ್ ಕೊಡುತ್ತಲೇ ಇರುತ್ತದೆ. ಬೋರ್ಡ್ ಮೇಲಿನ ಸ್ಟ್ಯಾಂಡ್‌ಬೈ ದೀಪ ಪೂರ್ತಿ ಆರುವವರೆಗೆ ಕಾಯಿರಿ. ಕೈಗೆ ಆ್ಯಂಟಿಸ್ಟ್ಯಾಟಿಕ್ ಪಟ್ಟಿ ಕಟ್ಟಿಕೊಳ್ಳಿ. ಸ್ಟಿಕ್‌ನ ಅಂಚು ಮಾತ್ರ ಹಿಡಿಯಿರಿ, ಚಿನ್ನದ ಬಣ್ಣದ ಪಟ್ಟಿ ಮುಟ್ಟಬೇಡಿ. ಸ್ಲಾಟ್‌ನ ಎರಡೂ ತುದಿ ಸಮವಾಗಿ ಒತ್ತಿ. ಕ್ಲಿಪ್ ತಾನಾಗಿಯೇ ಕ್ಲಿಕ್ ಅಂತ ಮುಚ್ಚಿಕೊಳ್ಳಬೇಕು. ನೀವು ಬೆರಳಿನಿಂದ ಮುಚ್ಚಿದರೆ ಅದು ಪೂರ್ತಿ ಕೂತಿಲ್ಲ. ಅರ್ಧ ಕೂತ ಸ್ಟಿಕ್ ಕೂಡ ಎಷ್ಟೋ ಸಲ ಬೂಟ್ ಆಗುತ್ತದೆ, ಬಿಸಿ ಏರಿದಾಗ ಬಿಟ್ಟುಕೊಳ್ಳುತ್ತದೆ.

ಗಾಳಿ ಹೋಗುವ ದಾರಿಯ ಪ್ಲಾಸ್ಟಿಕ್ ಹೊದಿಕೆ ವಾಪಸ್ ಹಾಕಿದ್ದೀರಾ? ರ‍್ಯಾಮ್ ಹಾಕಲು ಅದನ್ನು ತೆಗೆಯಲೇಬೇಕು, ಅವಸರದಲ್ಲಿ ಅದು ಮೇಜಿನ ಮೇಲೇ ಉಳಿಯುತ್ತದೆ. ಅದಿಲ್ಲದಿದ್ದರೆ ಫ್ಯಾನ್ ಎಷ್ಟು ಜೋರಾಗಿ ತಿರುಗಿದರೂ ಗಾಳಿ ಸ್ಟಿಕ್‌ಗಳ ಮೇಲೆ ಹಾಯದೆ ಪಕ್ಕದಿಂದ ಹೋಗಿಬಿಡುತ್ತದೆ.

ಈಗ ಮುಖ್ಯ ಪರೀಕ್ಷೆ. ಇದಕ್ಕೆ ಬೇಕಾಗಿರುವುದು ಒಂದು ನೋಟ್‌ಬುಕ್ ಮತ್ತು ತಾಳ್ಮೆ. ಪ್ರತಿ ಸ್ಟಿಕ್‌ನ ಸೀರಿಯಲ್ ನಂಬರ್, ಅದು ಇರುವ ಸ್ಲಾಟ್, ತಾರೀಖು ಬರೆಯಿರಿ.

ಮೊದಲು ಹಳೆಯ ಜೋಡಣೆ. ಎರಡು ದಿನಕ್ಕೊಮ್ಮೆ ಬೀಳುತ್ತಿದ್ದರೆ ಕನಿಷ್ಠ ಆರು ದಿನ ಅದೇ ಕೆಲಸದ ಹೊರೆಯಲ್ಲಿ ಓಡಿಸಿ. ಹಳೆಯ ಜೋಡಣೆಯಲ್ಲೂ ಬಿದ್ದರೆ ಹೊಸ ಸ್ಟಿಕ್‌ಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಪವರ್ ಸಪ್ಲೈ, ಸಡಿಲ ಕೇಬಲ್, ಪ್ರೊಸೆಸರ್ ಸಾಕೆಟ್, ಅಥವಾ ಅದೇ ದಿನ ಆದ ಸಾಫ್ಟ್‌ವೇರ್ ಬದಲಾವಣೆ ನೋಡಬೇಕು.

ಹಳೆಯದು ಬೀಳದೆ ಓಡಿದರೆ ಮುಂದಿನ ಹೆಜ್ಜೆ: ಹಳೆಯ ಸ್ಟಿಕ್ ಎಲ್ಲ ತೆಗೆದು, ಅವು ಇದ್ದ ಸ್ಲಾಟ್‌ಗಳಲ್ಲೇ ಹೊಸ ಸ್ಟಿಕ್ ಹಾಕಿ. ಈ ಹೆಜ್ಜೆಯನ್ನು ಬಹಳ ಜನ ಬಿಡುತ್ತಾರೆ. ಆದರೆ ಇದರಿಂದ ತಿಳಿಯುವಷ್ಟು ಬೇರೆ ಯಾವುದರಿಂದಲೂ ತಿಳಿಯುವುದಿಲ್ಲ. ಆ ಸ್ಲಾಟ್‌ಗಳು ವರ್ಷಗಳಿಂದ ಪಾಸಾದವು. ಅಲ್ಲಿ ಹೊಸ ಸ್ಟಿಕ್ ಹಾಕಿದಾಗ ಸರ್ವರ್ ಬಿದ್ದರೆ ತಪ್ಪು ಸ್ಟಿಕ್‌ನದ್ದು. ಅರ್ಧಕ್ಕರ್ಧ ಭಾಗ ಮಾಡುತ್ತಾ ಹೋಗಿ, ಕೆಟ್ಟದ್ದನ್ನು ಹಿಡಿಯಬಹುದು. ಅಲ್ಲಿ ಬೀಳದೆ ಓಡಿದರೆ ಸ್ಟಿಕ್ ಒಳ್ಳೆಯದು, ತಪ್ಪು ಹೊಸದಾಗಿ ಬಳಕೆಗೆ ಬಂದ ಸ್ಲಾಟ್‌ನಲ್ಲೋ ಇಡೀ ಜೋಡಣೆಯಲ್ಲೋ ಇದೆ.

ಲಾಗ್‌ನಲ್ಲಿ ಸ್ಲಾಟ್ ಹೆಸರು ಸಿಕ್ಕಿದ್ದರೆ ಕೆಲಸ ಇನ್ನೂ ಸುಲಭ. ಆ ಸ್ಲಾಟ್‌ನ ಸ್ಟಿಕ್ಕನ್ನು ಅಂಥದ್ದೇ ಬೇರೆ ಸ್ಟಿಕ್ ಜೊತೆ ಅದಲುಬದಲು ಮಾಡಿ. ದೋಷ ಸ್ಟಿಕ್ ಹಿಂದೆ ಹೋಯಿತೇ, ಸ್ಲಾಟ್‌ನಲ್ಲೇ ಉಳಿಯಿತೇ? ಹಿಂದೆ ಹೋದರೆ ಸ್ಟಿಕ್ ಬದಲಿಸಿ. ಅಲ್ಲೇ ಉಳಿದರೆ ಹೊಸ ಸ್ಟಿಕ್ ತರಿಸಿದರೂ ಪ್ರಯೋಜನವಿಲ್ಲ.

ನನಗೇ ಆದ ಒಂದು ಅನುಭವ ಹೇಳುತ್ತೇನೆ. 64 ಜಿಬಿ ಇದ್ದ ಸರ್ವರನ್ನು 128 ಮಾಡಿದ್ದೆವು. ಹಗಲೆಲ್ಲ ಆರಾಮ, ರಾತ್ರಿ ಬ್ಯಾಕಪ್ ಹೊತ್ತಿಗೆ ಬೀಳುತ್ತಿತ್ತು. ಡಿಸ್ಕ್ ಇರಬೇಕು ಅಂತ ಮೂರು ದಿನ ಡಿಸ್ಕ್ ಹಿಂದೆ ಓಡಾಡಿದೆ. ಆಮೇಲೆ ಹೊಳೆಯಿತು. ಹಗಲು ಪ್ರೋಗ್ರಾಂಗಳಿಗೆ ಬೇಕಾಗುತ್ತಿದ್ದದ್ದು ಅರ್ಧ ಮೆಮೊರಿ ಮಾತ್ರ. ಬ್ಯಾಕಪ್ ಸಾವಿರಾರು ಫೈಲ್ ಓದುವಾಗ ಕರ್ನಲ್ ಅವನ್ನೆಲ್ಲ ಪೇಜ್ ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ, ಆಗ ಮೆಮೊರಿ ಮೂಲೆ ಮೂಲೆಯೂ ತುಂಬುತ್ತದೆ. ಹಗಲು ಯಾರೂ ಮುಟ್ಟದ ಜಾಗವನ್ನು ಬ್ಯಾಕಪ್ ಮುಟ್ಟುತ್ತಿತ್ತು. ಬಿಎಂಸಿ ಲಾಗ್ ತೆರೆದರೆ ದೋಷ ಬಿ2 ಸ್ಲಾಟ್‌ನಲ್ಲಿ. ಸ್ಟಿಕ್ ಬದಲಿಸಲು ಹೇಳಿದೆವು, ಮಾರಿದವರು ಹೊಸದು ಕೊಟ್ಟರು, ಎರಡನೇ ರಾತ್ರಿ ಮತ್ತೆ ಬಿತ್ತು. ಆಗ ಅದಲುಬದಲು ಮಾಡಿದೆ. ದೋಷ ಬಿ2 ಬಿಟ್ಟು ಕದಲಲಿಲ್ಲ. ಟಾರ್ಚ್ ಹಾಕಿ ನೋಡಿದರೆ ಸ್ಲಾಟ್ ಒಳಗೆ ಕೂದಲಿನಷ್ಟು ತೆಳ್ಳಗಿನ ಒಂದು ಎಳೆ. ಮೂರು ವರ್ಷ ಖಾಲಿ ಇದ್ದ ಸ್ಲಾಟ್ ಅದು, ಅಷ್ಟೂ ದಿನ ಫ್ಯಾನ್ ಗಾಳಿ ಅದರ ಮೇಲೆ ಧೂಳು ತಂದು ಹಾಕುತ್ತಿತ್ತು. ಗಾಳಿಯ ಡಬ್ಬಿಯಿಂದ ಊದಿ ತೆಗೆದೆವು, ಆಮೇಲೆ ಬೀಳಲಿಲ್ಲ. ಅವತ್ತಿನಿಂದ ಖಾಲಿ ಸ್ಲಾಟ್‌ಗೆ ಸ್ಟಿಕ್ ಹಾಕುವ ಮೊದಲು ಟಾರ್ಚ್ ಹಿಡಿದು ನೋಡುವುದನ್ನು ನಾನು ಒಂದು ಸಲವೂ ಬಿಟ್ಟಿಲ್ಲ.

ಸ್ಲಾಟ್ ಸ್ವಚ್ಛವಾಗಿದ್ದರೂ ದೋಷ ಅಲ್ಲೇ ಉಳಿದರೆ ಪ್ರೊಸೆಸರ್ ತೆಗೆದು ಸಾಕೆಟ್ ನೋಡಬೇಕಾಗುತ್ತದೆ. ಮೆಮೊರಿ ಚಾನೆಲ್‌ಗಳು ಪ್ರೊಸೆಸರ್‌ಗೇ ನೇರವಾಗಿ ಹೋಗುತ್ತವೆ. ಸಾಕೆಟ್‌ನ ಒಂದು ಪಿನ್ ಬಾಗಿದ್ದರೆ ಒಂದು ಚಾನೆಲ್ ಪೂರ್ತಿ ಕಾಟ ಕೊಡುತ್ತದೆ. ಅಭ್ಯಾಸ ಇಲ್ಲದಿದ್ದರೆ ಇದಕ್ಕೆ ಕೈ ಹಾಕಬೇಡಿ, ಗೊತ್ತಿರುವವರನ್ನು ಕರೆಯಿರಿ.

ಮೆಮೊರಿ ಪರೀಕ್ಷೆಯ ಪ್ರೋಗ್ರಾಂಗಳು

ಮೆಮ್‌ಟೆಸ್ಟ್86+ ಒಳ್ಳೆಯ ಸಾಧನ. 2022ರಲ್ಲಿ ಬಂದ 6.00ರಿಂದ ಈಚೆಗಿನ ಆವೃತ್ತಿ ಹಾಕಿ, ಯುಇಎಫ್‌ಐ (ಬಯಾಸ್‌ನ ಹೊಸ ರೂಪ) ಬೂಟ್ ಬಂದದ್ದು ಅದರಲ್ಲೇ. ಮೆಮೊರಿ ಜಾಸ್ತಿ ಇದ್ದರೆ ಒಂದು ಸುತ್ತು ಮುಗಿಯಲು ಗಂಟೆಗಟ್ಟಲೆ ಬೇಕು. ಒಂದೇ ಸುತ್ತಿಗೆ ನಿಲ್ಲಿಸಬೇಡಿ, ರಾತ್ರಿಯಿಡೀ ಬಿಡಿ. ಒಂದೇ ಒಂದು ದೋಷ ತೋರಿಸಿದರೂ ಅದು ಫೇಲ್.

ಆದರೆ ಪಾಸ್ ಆಯಿತು ಅಂದರೆ ಮೆಮೊರಿ ಚೆನ್ನಾಗಿದೆ ಅಂತ ನಂಬಿಬಿಡಬೇಡಿ. ಇದಕ್ಕೆ ಎರಡು ಕಾರಣ. ಇಸಿಸಿ ಇರುವಾಗ ಒಂಟಿ ಬಿಟ್ ತಪ್ಪುಗಳು ಪರೀಕ್ಷೆಗೆ ಕಾಣುವ ಮೊದಲೇ ಸರಿಯಾಗಿಬಿಡುತ್ತವೆ, ಹಾಗಾಗಿ ಪರೀಕ್ಷೆ ಮುಗಿದ ಮೇಲೆ ಬಿಎಂಸಿ ಲಾಗ್ ಮತ್ತೆ ನೋಡಬೇಕು. ಎರಡನೆಯದು, ಈ ಪರೀಕ್ಷೆ ಓಡುವಾಗ ಡಿಸ್ಕ್, ನೆಟ್‌ವರ್ಕ್ ಸುಮ್ಮನಿರುತ್ತವೆ. ನಿಜವಾದ ಹೊರೆಯಲ್ಲಿನ ಬಿಸಿ, ಕರೆಂಟ್‌ನ ಏರಿಳಿತ ಅಲ್ಲಿಲ್ಲ. ಅದಕ್ಕೆ ಲಿನಕ್ಸ್ ಒಳಗಿಂದಲೇ ಸ್ಟ್ರೆಸ್‌ಆಪ್‌ಟೆಸ್ಟ್ (ಮೆಮೊರಿಗೆ ಜೋರು ಹೊರೆ ಕೊಡುವ ಪ್ರೋಗ್ರಾಂ) ಓಡಿಸಿ, ಜೊತೆಗೆ ಡಿಸ್ಕ್ ಕೆಲಸವನ್ನೂ ಕೊಡಿ.

ಸ್ಟಿಕ್ ಚೆನ್ನಾಗಿದೆ, ಆದರೂ ಬೀಳುತ್ತದೆ

ಲಾಗ್‌ನಲ್ಲಿ ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರೋಸೆಸ್ ಅಂತ ಇದ್ದರೆ ಮೆಮೊರಿ ಕೆಟ್ಟಿಲ್ಲ, ಖಾಲಿಯಾಗಿದೆ. ರ‍್ಯಾಮ್ ಹೆಚ್ಚಿಸಿದ ಮೇಲೆ ಹೀಗಾಗುವುದು ವಿಚಿತ್ರ ಅನ್ನಿಸಬಹುದು. ಆದರೆ ಸಾಮಾನ್ಯವಾಗಿ ಯಾರೋ ಡೇಟಾಬೇಸ್‌ನ ಬಫರ್ ಪೂಲ್ (ಡೇಟಾ ಇಟ್ಟುಕೊಳ್ಳುವ ಮೆಮೊರಿ), ಜಾವಾ ಹೀಪ್ (ಜಾವಾ ಪ್ರೋಗ್ರಾಂ ಬಳಸುವ ಮೆಮೊರಿ), ಹ್ಯೂಜ್ ಪೇಜ್ (ದೊಡ್ಡ ತುಂಡುಗಳಾಗಿ ಕಾದಿರಿಸಿದ ಮೆಮೊರಿ) ಮೂರನ್ನೂ ಒಟ್ಟಿಗೆ ಏರಿಸಿರುತ್ತಾರೆ. ಒಂದೊಂದೂ ಸರಿಯಾಗಿಯೇ ಕಾಣುತ್ತದೆ, ಕೂಡಿಸಿದರೆ ಇರುವುದಕ್ಕಿಂತ ಜಾಸ್ತಿ. ಜಾವಾ ಹೀಪನ್ನು 31ರಿಂದ 33 ಜಿಬಿಗೆ ಏರಿಸಿದರೆ ಲಾಭದ ಬದಲು ನಷ್ಟ ಆಗಬಹುದು. ಸುಮಾರು 32 ಜಿಬಿ ದಾಟಿದ ಮೇಲೆ ಅದರ ಒಳಗಿನ ವಿಳಾಸಗಳು 4 ಬೈಟ್‌ನಿಂದ 8 ಬೈಟ್‌ಗೆ ಹಿಗ್ಗುತ್ತವೆ.

ಎರಡು ಪ್ರೊಸೆಸರ್ ಇದ್ದು ಹೊಸ ಸ್ಟಿಕ್ ಎಲ್ಲ ಒಂದರ ಪಕ್ಕದಲ್ಲೇ ಹಾಕಿದ್ದರೆ ಇನ್ನೊಂದು ಕಡೆ ಕೊರತೆ ಬೀಳುತ್ತದೆ. ಆ ಕಡೆಗೇ ಕಟ್ಟಿಹಾಕಿದ ಪ್ರೋಗ್ರಾಂ ಇದ್ದರೆ, ಈ ಕಡೆ ಎಷ್ಟೋ ಜಿಬಿ ಖಾಲಿ ಇದ್ದರೂ ಸಾಯುತ್ತದೆ.

ದೋಷ ಸಾಫ್ಟ್‌ವೇರ್‌ನದ್ದೋ ಅಂತ ತಿಳಿಯಲು ಲಿನಕ್ಸ್‌ನಲ್ಲಿ ಒಂದು ಉಪಾಯವಿದೆ. ಬೂಟ್ ಸಾಲಿನಲ್ಲಿ ಮೆಮ್ (mem=) ಅನ್ನುವ ಕರ್ನಲ್ ಆಯ್ಕೆ ಕೊಟ್ಟು ಹಳೆಯ ಗಾತ್ರಕ್ಕೆ ಮಿತಿ ಹಾಕಿ. ಸ್ಟಿಕ್ ಎಲ್ಲ ಇದ್ದಲ್ಲೇ ಇರುತ್ತವೆ, ಸಾಫ್ಟ್‌ವೇರ್‌ಗೆ ಮಾತ್ರ ಕಡಿಮೆ ಕಾಣುತ್ತದೆ. ಆಗಲೂ ಮಷಿನ್ ಚೆಕ್ ಬಂದರೆ ಹಾರ್ಡ್‌ವೇರ್ ದೋಷ ಖಚಿತ. ಆದರೆ ಬಾರದಿದ್ದ ಮಾತ್ರಕ್ಕೆ ಸಾಫ್ಟ್‌ವೇರ್ ತಪ್ಪು ಅಂತ ತೀರ್ಮಾನಿಸಬೇಡಿ. ವಿಳಾಸಗಳನ್ನು ಎಲ್ಲ ಸ್ಟಿಕ್‌ಗಳಿಗೂ ಹಂಚುವುದರಿಂದ ಕೆಟ್ಟ ಜಾಗ ಆ ಮಿತಿಯ ಆಚೆಗೆ ಬಿದ್ದಿರಬಹುದು.

ಕೆಡಂಪ್ (ಕರ್ನಲ್ ಬಿದ್ದಾಗ ಮೆಮೊರಿಯ ಪ್ರತಿ ಉಳಿಸುವ ಏರ್ಪಾಡು) ಇಟ್ಟುಕೊಂಡಿದ್ದರೆ ಅದಕ್ಕೆ ಕಾದಿರಿಸಿದ ಮೆಮೊರಿಯನ್ನೂ ಏರಿಸಿ. ರ‍್ಯಾಮ್ ಹೆಚ್ಚಾದ ಮೇಲೆ ಹಳೆಯ ಗಾತ್ರ ಸಾಲದೆ ಡಂಪ್ ಅರ್ಧಕ್ಕೇ ನಿಂತರೆ ಇದ್ದ ಸಾಕ್ಷಿಯೂ ಹೋಗುತ್ತದೆ.

ಸರಿಹೋದ ಮೇಲೆ

ಹಳೆಯ ಈವೆಂಟ್ ಲಾಗ್ ಉಳಿಸಿಕೊಂಡು ಆಮೇಲೆ ಅಳಿಸಿ, ಸೊನ್ನೆಯಿಂದ ಎಣಿಸಲು ಶುರುಮಾಡಿ. ಸ್ಟಿಕ್ ವಾಪಸ್ ಕೊಡುವಾಗ ಆ ಲಾಗ್ ಮತ್ತು ಅದಲುಬದಲು ಮಾಡಿದ ತಾರೀಖುಗಳನ್ನು ಜೊತೆಗೆ ಕೊಡಿ. ಬರೀ ಸರ್ವರ್ ಬೀಳುತ್ತದೆ ಅಂದರೆ ಅವರಿಗೂ ಏನೂ ತಿಳಿಯುವುದಿಲ್ಲ.

ಆಮೇಲೆ ನೋಟ್‌ಬುಕ್ ತೆರೆದು ಎರಡು ತಾರೀಖು ನೋಡಿ: ರ‍್ಯಾಮ್ ಹಾಕಿದ ದಿನ, ದೋಷ ತೆಗೆದ ದಿನ. ಇಸಿಸಿ ಇಲ್ಲದ ಯಂತ್ರವಾಗಿದ್ದರೆ ಈ ಎರಡರ ನಡುವೆ ಬರೆದ ಡೇಟಾ ಎಲ್ಲವೂ ಅನುಮಾನದ್ದೇ. ಫೈಲ್ ಸಿಸ್ಟಂ ತಪಾಸಣೆ ಮಾಡಿ, ಡೇಟಾಬೇಸ್‌ನ ಕೋಷ್ಟಕಗಳ ಚೆಕ್‌ಸಮ್ ನೋಡಿ. ಆ ದಿನಗಳ ಬ್ಯಾಕಪ್‌ಗಳ ಮೇಲೆ ಗುರುತು ಹಾಕಿ, ಒಂದನ್ನಾದರೂ ಬೇರೆ ಯಂತ್ರದಲ್ಲಿ ತೆರೆದು ಸರಿಯಾಗಿದೆಯೇ ಅಂತ ನೋಡಿ. ಹಳೇ ಬ್ಯಾಕಪ್ ಅಳಿಸುವುದನ್ನು ಮತ್ತೆ ಶುರುಮಾಡುವುದು ಅದಾದ ಮೇಲೆ.